ಸೇವಂತಿಯ ಎರಡು ಸೀಟಿನ ಕಾರು

ಕಾರು ಹದಿನೈದು ವರ್ಷ ಹಳೆಯದು. ಬಣ್ಣ ಕೆಂಪು, ಬಾನೆಟ್ಟಿನ ಮೇಲೆ ಮಾತ್ರ ಹೋದ ವರ್ಷದ ಒಣಮೆಣಸಿನ ಹಾಗೆ ಮಂಕಾಗಿತ್ತು. ಎರಡೇ ಸೀಟು, ಹಿಂದಕ್ಕೆ ಮಡಚಿಡುವ ಬಟ್ಟೆಯ ಮಾಡು. ಹಾರ್ಬೋರ್ನಿನಲ್ಲಿ ಡಾಕ್ಟರ್ ಬಸವಲಿಂಗಪ್ಪನವರ ಮನೆಯ ಮುಂದೆ, ಒಂಬೈನೂರು ಪೌಂಡಿಗೆ ಮಾರಾಟಕ್ಕಿದೆ ಎಂಬ ಚೀಟಿ ಅಂಟಿಸಿಕೊಂಡು ಅದು ನಿಂತು ಮೂರು ವಾರವಾಗಿತ್ತು. ಆ ಮೂರು ವಾರವೂ ಸೇವಂತಿ ಆಸ್ಪತ್ರೆಗೆ ನಡೆದು ಹೋಗುವಾಗ ಎದುರು ಬದಿಯ ಫುಟ್‌ಪಾತ್ ಬಿಟ್ಟು ಈ ಬದಿಯಲ್ಲೇ ಹೋದಳು.

ಸೇವಂತಿಗೆ ಐವತ್ತಮೂರು. ದೊಡ್ಡ ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಸಿಸ್ಟರ್. ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾಗಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಐದನೆಯ ಸಲ ಪಾಸಾದವಳು. ಅಂದಿನಿಂದ ಮನೆಯ ಬೂದು ಕಾರನ್ನು ಅವಳೂ ಓಡಿಸಿದ್ದಾಳೆ: ಮಗಳು ಚರಿಷ್ಮಾಳನ್ನು ಶಾಲೆಗೆ ಬಿಡಲು, ಅಕ್ಕಿ ತರಲು, ಹೋದ ವರ್ಷ ಅದೇ ಮಗಳನ್ನು ಲೀಡ್ಸಿನ ಯೂನಿವರ್ಸಿಟಿಗೆ ಮುಟ್ಟಿಸಲು. ಕಾರು ಮಾತ್ರ ಗಂಡ ದೂಮಪ್ಪನ ಹೆಸರಿನಲ್ಲಿತ್ತು. ಅದರ ಹಿಂದಿನದೂ, ಅದಕ್ಕೂ ಹಿಂದಿನದೂ ಹಾಗೆಯೇ. ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಹಾಗೆ ನಡೆದುಬಂದಿತ್ತು, ಅಷ್ಟೆ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಹೇಳಿದಳು, "ಆ ಕೆಂಪು ಕಾರು ಒಮ್ಮೆ ನೋಡಿ ಬರುವ."

"ಯಾವುದು, ಡಾಕ್ಟ್ರದ್ದಾ? ಎಂತಕ್ಕೆ ಮಾರಾಯ್ತಿ?"

"ತಗೊಳ್ಳಲಿಕ್ಕೆ."

ದೂಮಪ್ಪ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗಿಟ್ಟು ತಲೆಯೆತ್ತಿದ. ಅವನು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಯಾವುದನ್ನೂ ಎರಡು ಸಲ ಓದದೆ ಕೈಬಿಡುವವನಲ್ಲ. "ಈ ವಯಸ್ಸಿನಲ್ಲಿ ಎರಡು ಸೀಟಿನ ಕಾರು! ಕನ್ನಡ ಸಂಘದವರು ನಗಾಡ್ತಾರೆ. ಮಳೆ ಬಂದ್ರೆ ಒಳಗೂ ಮಳೆ. ಅಕ್ಕಿ ಮೂಟೆ ಎಲ್ಲಿ ಇಡ್ತಿ, ನನ್ನ ತೊಡೆ ಮೇಲಾ?"

"ಅಕ್ಕಿಗೆ ನಿಮ್ಮ ಕಾರು ಉಂಟಲ್ಲ."

'ನಿಮ್ಮ' ಎಂದಳಲ್ಲ, ಅದು ದೂಮಪ್ಪನಿಗೆ ನಾಟಿತು. ಅವನು ಸಾರು ಬಡಿಸಿಕೊಂಡ.

ಮರುದಿನ ಆಯುಧ ಪೂಜೆ. ಪ್ರತಿ ವರ್ಷ ಅಂದು ಬೂದು ಕಾರನ್ನು ತೊಳೆದು ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸುವುದು ಅವರ ಮನೆಯ ರೂಢಿ. ದೂಮಪ್ಪ ನಾಲ್ಕು ನಿಂಬೆಹಣ್ಣನ್ನು ಕೋಟಿನ ಜೇಬಿಗೆ ಹಾಕಿಕೊಂಡು, ತೆಂಗಿನಕಾಯಿ, ಹೂವಿನ ಚೀಲ ಹಿಡಿದು ಬೂದು ಕಾರು ಹತ್ತಿದ. "ಡಾಕ್ಟ್ರ ಮನೆಯಲ್ಲಿ ಐದೇ ನಿಮಿಷ" ಎಂದ.

ಬಸವಲಿಂಗಪ್ಪನವರು ಧಾರವಾಡದವರು, ನಿವೃತ್ತ ಮೂಳೆ ಡಾಕ್ಟರು, ಎಪ್ಪತ್ತನಾಲ್ಕು ವರ್ಷ. ಕೋಲೂರಿಕೊಂಡು ಬಾಗಿಲಿಗೆ ಬಂದರು.

"ಬರ್ರಿ ಸಿಸ್ಟರ್, ಬರ್ರಿ! ಇದರಾಗ ಕೂಡೂದು ಭಾಳ ಸಸಾರ. ಏಳಾಕ ಇಬ್ಬರು ಆಳು ಬೇಕು. ಮಂದಿ ಮೊಣಕಾಲೆಲ್ಲಾ ರಿಪೇರಿ ಮಾಡಿದೆ, ನನ್ನವ ಎರಡು ಕೈಕೊಟ್ಟಾವ. ಅದಕ್ಕ ಮಾರಾಕತ್ತೀನಿ."

ಸೇವಂತಿ ನಕ್ಕಳು. ಆಮೇಲೆ ಕೋಟು ಬಿಚ್ಚಿ ಒದ್ದೆ ನೆಲದ ಮೇಲೆ ಹಾಸಿ ಮಂಡಿಯೂರಿದಳು. ಬಾಗಿಲ ಕೆಳಗಿನ ತಗಡಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಬಂದಳು. ನೀರು ತುಂಬಿದ ಕಾಲನ್ನು ವಾರ್ಡಿನಲ್ಲಿ ಒತ್ತಿ ನೋಡುವುದು ಹಾಗೆಯೇ: ಒತ್ತಬೇಕು, ಕಾಯಬೇಕು, ಬಿಡಬೇಕು. ಹಿಂದಿನ ಚಕ್ರದ ಬಳಿ ತಗಡು ಕರಕ್ ಎಂದಿತು.

"ಇಲ್ಲಿ ಒಳಗಿಂದ ತುಕ್ಕು ತಿಂದಿದೆ, ಡಾಕ್ಟ್ರೇ. ಬಣ್ಣ ಆಮೇಲೆ ಹಚ್ಚಿದ್ದು."

"ಹೌದ್ರಿ, ನಾನ ಹಚ್ಚೀನಿ. ನಾಚಿಕಿ ಮುಚ್ಚಾಕ."

ಅವಳು ಕಾಲಡಿಯ ಜಮಖಾನೆ ಎತ್ತಿ ಮೂಸಿದಳು, ಒದ್ದೆ ವಾಸನೆ. ಎಂಜಿನ್ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೆಯೇ ನಿಂತಳು. "ಉಸಿರು ಸರಿ ಉಂಟು" ಎಂದಳು.

ಡಾಕ್ಟರು ದೂಮಪ್ಪನ ಕಡೆ ತಿರುಗಿದರು. "ಏನ್ರಿ, ಮದಿವಿಗಿಂತ ಮೊದಲ ನಿಮ್ಮನ್ನೂ ಹಿಂಗ ಒತ್ತಿ ನೋಡಿದ್ರೇನು?"

"ನೋಡಿದ್ರೆ ಬಿಟ್ಟೇ ಹೋಗ್ತಿದ್ಲು ಡಾಕ್ಟ್ರೇ."

ಓಡಿಸಿ ನೋಡಬೇಕಾದರೆ ವಿಮೆ ಬೇಕು ಎಂದು ದೂಮಪ್ಪ ಹೇಳುವಷ್ಟರಲ್ಲಿ ಸೇವಂತಿ ಬ್ಯಾಗಿನಿಂದ ಒಂದು ಕಾಗದ ತೆಗೆದಳು. ಆ ಕಾರಿಗೆ, ತನ್ನ ಹೆಸರಿನಲ್ಲಿ, ಒಂದು ದಿನದ ವಿಮೆ. ಬೆಳಿಗ್ಗೆ ಸ್ನಾನಕ್ಕೂ ಮೊದಲೇ ಕಂಪ್ಯೂಟರಿನಲ್ಲಿ ಮಾಡಿ ಮುಗಿಸಿದ್ದಳು.

"ಮಧ್ಯಾಹ್ನದ ಊಟದೊಳಗ ತಂದು ಬಿಡ್ರಿ" ಎಂದು ಡಾಕ್ಟರು ಕೀಲಿ ಕೊಟ್ಟರು.

"ಹಾಗಾದ್ರೆ ಬೂದು ಕಾರು ಇಲ್ಲೇ ಇರ್ಲಿ, ಇದರಲ್ಲೇ ದೇವಸ್ಥಾನಕ್ಕೆ ಹೋಗಿ ಬರುವ" ಎಂದಳು ಸೇವಂತಿ. "ಹತ್ತು ಮೈಲಿ ಓಡಿಸದೆ ಹೇಗೆ ಗೊತ್ತಾಗ್ತದೆ?"

ವುಲ್ವರ್‌ಹ್ಯಾಂಪ್ಟನ್ ರಸ್ತೆಯಲ್ಲಿ ಅವಳು ಮಾಡು ತೆರೆದಳು. ಅಕ್ಟೋಬರಿನ ಗಾಳಿ ದೂಮಪ್ಪನ ಕಿವಿಗೆ ಚುಚ್ಚಿತು. ಅವನು ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ತೆಂಗಿನಕಾಯಿ ಹಿಡಿದು, ನೆಲಕ್ಕೆ ತಾಗಿದಂತಿದ್ದ ಆ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದ. ಗೇರು ಬದಲಿಸುವಾಗ ಅವಳ ಮಣಿಕಟ್ಟು ಎಷ್ಟು ಹಗುರವಾಗಿ ತಿರುಗುತ್ತಿತ್ತು! ಬೂದು ಕಾರಿನಲ್ಲಿ ಎಷ್ಟೋ ವರ್ಷ ಪಕ್ಕದಲ್ಲಿ ಕೂತಿದ್ದರೂ ಅವನು ಇದನ್ನು ಕಂಡಿರಲಿಲ್ಲ. ಅಲ್ಲಿ ಅವನ ಕಣ್ಣು ಸದಾ ರಸ್ತೆಯ ಮೇಲೆ, ಬಾಯಿ "ನಿಧಾನ, ನಿಧಾನ" ಎನ್ನುವುದರಲ್ಲಿ.

ದೇವಸ್ಥಾನದ ಗೇಟಿನಲ್ಲಿ ವರಲಕ್ಷ್ಮಿ ನಿಂತಿದ್ದಳು. ಮೈಸೂರಿನವಳು, ರೇಷ್ಮೆ ಸೀರೆಯ ಮೇಲೆ ಹಳದಿ ಜಾಕೆಟ್ ತೊಟ್ಟು ಕಾರುಗಳಿಗೆ ದಾರಿ ತೋರಿಸುತ್ತಿದ್ದಳು. "ಅಂಕಲ್, ಪೂಜೆಗೆ ತಾನೇ?" ಎಂದು ಕೂಗಿದಳು. ದೂಮಪ್ಪ ಪ್ರತಿ ವರ್ಷದಂತೆ ತಲೆಯಾಡಿಸಿದ. ಅವಳು ಎಡಗಡೆಯ ಸಾಲಿಗೆ ಕೈ ತೋರಿಸಿದಳು. ಸೇವಂತಿ ತಿರುಗಿಸಿದಳು.

ಹತ್ತು ಕಾರು ಹಿಂದೆ ಬಂದು ನಿಂತ ಮೇಲೆ ಅವಳಿಗೆ ಹೊಳೆಯಿತು. "ಅಲ್ಲ ಮಾರಾಯ್ರೆ, ಇದು ವಾಹನ ಪೂಜೆಯ ಸಾಲು. ಕಾರು ನಮ್ಮದಲ್ಲ!"

"ಅಯ್ಯೋ, ನಾನು ಅಭ್ಯಾಸದಲ್ಲಿ ತಲೆ ಆಡಿಸಿದೆ."

"ಅಭ್ಯಾಸದಲ್ಲಿ! ಬೇರೆಯವರ ಕಾರಿಗೆ ನಿಂಬೆಹಣ್ಣು ಇಡ್ಲಿಕ್ಕೆ ಬಂದಿದ್ದೇವೆ!"

ಹಿಂದೆ ಹೋಗಲು ಜಾಗವಿರಲಿಲ್ಲ. ಮುಂದಿನ ಕಾರಿನ ಕಾಯಿ ಒಡೆಯಿತು. ಬಿಳಿಯ ಗೋಪುರ ರಾತ್ರಿಯ ಮಳೆಯಲ್ಲಿ ತೊಳೆದುಕೊಂಡು ನಿಂತಿತ್ತು. ಸೇವಂತಿ ಸ್ಟಿಯರಿಂಗಿನ ಮೇಲೆಯೇ ಕೈ ಮುಗಿದಳು. ಕಾರು ಬೇಕು ಎಂದು ಅವಳು ಕೇಳಲಿಲ್ಲ. ದೇವರೆದುರು ಸುಳ್ಳು ಹೇಳುವ ಹಾಗೆ ಮಾಡಬೇಡ ಎಂದಷ್ಟೇ ಬೇಡಿಕೊಂಡಳು.

ಅರ್ಚಕರು ತಟ್ಟೆ ಹಿಡಿದು ಬಂದರು. ವರ್ಷಗಳಿಂದ ಗುರುತಿದ್ದವರು. "ಓಹೋ ದೂಮಪ್ಪನವರೇ, ಈ ಸಲ ಭರ್ಜರಿ ಗಾಡಿ! ಸಂಕಲ್ಪ ಎಂದಿನಂತೆ ನಿಮ್ಮ ಹೆಸರಲ್ಲೇ ತಾನೆ? ಗೋತ್ರದ ಜಾಗದಲ್ಲಿ ಬಂಗೇರ ಬಳಿ?"

"ಸ್ವಾಮಿ, ಇದು ಇನ್ನೂ ನಮ್ಮದಾಗಿಲ್ಲ" ಎಂದಳು ಸೇವಂತಿ. "ನೋಡ್ಲಿಕ್ಕೆ ತಂದದ್ದು. ತಪ್ಪಿ ಸಾಲಿಗೆ ಬಂದೆವು."

"ಓಡಿಸ್ತಿರೋರು ಕ್ಷೇಮವಾಗಿರಲಿ ಅಂತ ಪೂಜೆ ಮಾಡೋದಮ್ಮ, ಕಾಗದಪತ್ರಕ್ಕಲ್ಲ. ಆದ್ರೆ ಒಂದು ಹೆಸರು ಹೇಳಿ, ಹಿಂದೆ ಜನ ಕಾಯ್ತಿದ್ದಾರೆ."

ಹಿಂದಿನ ಕಾರುಗಳಲ್ಲಿ ಅರ್ಧಕ್ಕರ್ಧ ಸಂಘದವರೇ. ಕಿಟಕಿ ಇಳಿಸಿ, ಕತ್ತು ಚಾಚಿ ನೋಡುತ್ತಿದ್ದರು. ಒಬ್ಬರು "ದೂಮಪ್ಪಣ್ಣ, ಪ್ರಾಯ ಬಂತಾ?" ಎಂದು ಕೂಗಿಯೂ ಬಿಟ್ಟರು. ನಗು ಹರಡಿತು.

ದೂಮಪ್ಪ ಆ ತಗ್ಗಿನ ಸೀಟಿನಿಂದ ಬಾಗಿಲು ಹಿಡಿದು ಎದ್ದ. ಏಳಲು ಸ್ವಲ್ಪ ಹೊತ್ತೇ ಹಿಡಿಯಿತು. ಟೋಪಿ ತೆಗೆದ.

"ಹೆಸರು ಸೇವಂತಿ" ಎಂದ. ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಬಂಗೇರ ಅಲ್ಲ ಸ್ವಾಮಿ, ಅದು ನನ್ನ ಬಳಿ. ಅವಳದ್ದು ಸಾಲಿಯಾನ್. ನಮ್ಮಲ್ಲಿ ಬಳಿ ತಾಯಿಯಿಂದ ಬರುವುದು. ಅವಳ ತಾಯಿಯದ್ದು, ಅಜ್ಜಿಯದ್ದು. ಅದನ್ನೇ ಹೇಳಿ."

ಇಷ್ಟು ವರ್ಷ ಈ ಅಂಗಳದಲ್ಲಿ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಸೇವಂತಿ ತಲೆತಗ್ಗಿಸಿದಳು. ಅರ್ಚಕರು ಮಂತ್ರದ ನಡುವೆ ಅದನ್ನು ಸ್ಪಷ್ಟವಾಗಿ ಹೇಳಿ, ಮಂಕಾದ ಬಾನೆಟ್ಟಿಗೆ ಕುಂಕುಮವಿಟ್ಟರು. ದೂಮಪ್ಪ ಬಗ್ಗಿ ಒಂದೊಂದು ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟ. ಸೇವಂತಿ ಮೆಲ್ಲನೆ ಕಾರು ಮುಂದೆ ತಂದಳು. ನಾಲ್ಕೂ ಪಟಪಟನೆ ಒಡೆದವು.

ಇಬ್ಬರೂ ಮರಳಿ ಹಾರ್ಬೋರ್ನಿಗೆ ಬಂದರು. ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಕುಂಕುಮ, ಚೆಂಡುಹೂವಿನ ಮಾಲೆ ನೋಡಿ ಹುಬ್ಬೇರಿಸಿದರು.

ಸೇವಂತಿ ಇಳಿದು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. "ನಿಮ್ಮ ಕಾರಿಗೆ ನಿಮ್ಮನ್ನು ಕೇಳದೆ ನನ್ನ ಹೆಸರಲ್ಲಿ ಪೂಜೆ ಆಯ್ತು, ಡಾಕ್ಟ್ರೇ. ನಮ್ಮದೇ ತಪ್ಪು. ಕ್ಷಮಿಸಬೇಕು."

ಡಾಕ್ಟರು ಕೋಲಿನ ಮೇಲೆ ಭಾರ ಹಾಕಿ ಹೊಟ್ಟೆ ಕುಲುಕಿಸಿ ನಕ್ಕರು. "ನಾ ವಿಭೂತಿ ಹಚ್ಚಿ ಇಟ್ಟಿದ್ದೆ, ನೀವು ಕುಂಕುಮ ಹಚ್ಚಿಸಿ ತಂದೀರಿ! ಅಲ್ರಿ ಸಿಸ್ಟರ್, ಕೇಳ್ರಿಲ್ಲೆ." ಅವರ ಮುಖ ಗಂಭೀರವಾಯಿತು. "ಪೂಜಿ ಆತಂತ ಇದನ್ನ ತಗೋಬ್ಯಾಡ್ರಿ. ತುಕ್ಕು ಹಿಡದದ್ದು ನೀವ ಹೇಳೀರಿ. ದೇವರಿಗೇನೂ ಬ್ಯಾಸರ ಆಗೂದಿಲ್ಲ. ಕೀಲಿ ಕೊಟ್ಟು ಛಂದಂಗ ಮನಿಗೆ ಹೋಗ್ರಿ."

ಕೀಲಿ ಸೇವಂತಿಯ ಅಂಗೈಯಲ್ಲಿತ್ತು. ಅವಳು ಗಂಡನ ಕಡೆ ನೋಡಿದಳು. ಅವನು ಹೂವಿನ ಚೀಲ ಮಡಚುತ್ತ ನಿಂತಿದ್ದ.

"ಹಿಂದಿನ ಚಕ್ರದ ಹತ್ರ ವೆಲ್ಡಿಂಗ್ ಆಗ್ಬೇಕು" ಎಂದಳು ಅವಳು. "ಮಾಡಿನ ಹೊಲಿಗೆ ಹೋಗಿದೆ. ಮೂರನೇ ಗೇರು ಸ್ವಲ್ಪ ಹಠ ಮಾಡ್ತದೆ. ಇನ್ನು ನಾಲ್ಕು ವರ್ಷ ಓಡಿದ್ರೆ ಹೆಚ್ಚು. ಎಲ್ಲ ಗೊತ್ತು ನನಗೆ, ಡಾಕ್ಟ್ರೇ. ನಾಲ್ಕೇ ವರ್ಷ ಅಂತ ನಮ್ಮ ವಾರ್ಡಿನಲ್ಲಿ ನಾನು ಯಾರ ಆರೈಕೆಯನ್ನೂ ಬಿಟ್ಟವಳಲ್ಲ." ಕೀಲಿಯ ಮೇಲೆ ಬೆರಳು ಮಡಚಿದಳು. "ಪೂಜೆ ಆಯ್ತು ಅಂತ ಅಲ್ಲ. ನನಗೆ ಬೇಕು. ಅದಕ್ಕೆ ತಗೊಳ್ತೇನೆ."

ಒಳಗೆ ಮೇಜಿನ ಮೇಲೆ ಕಾಗದಪತ್ರ ಮುಗಿಯಿತು. ಡಾಕ್ಟರು ಅಳ್ಳಿಟ್ಟಿನ ಉಂಡೆ ಕೊಟ್ಟು, ತಿಂದೇ ಹೋಗಬೇಕೆಂದು ಹಟ ಹಿಡಿದರು.

ಬೂದು ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಕೆಂಪು ಕಾರಿನಲ್ಲಿ ಹೊರಟರು. ಸೇವಂತಿಯ ಮನೆ ಅಲ್ಲಿಂದ ಎರಡು ಬೀದಿ ಆಚೆ. ತಿರುವು ಬಂತು, ಸೇವಂತಿ ತಿರುಗಿಸಲಿಲ್ಲ. ದೂಮಪ್ಪ ಹಿಂದೆ ತಿರುಗಿ ನೋಡಿದ.

"ಮನೆ ದಾಟಿತು."

"ಗೊತ್ತು."

ಹೈ ಸ್ಟ್ರೀಟಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಸಂಘದ ಶಕುಂತಲಾ ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದವಳು, ಮಾಲೆ ಹಾಕಿದ ಕಾರನ್ನೂ ಒಳಗಿದ್ದವರನ್ನೂ ಕಂಡು ನಡುರಸ್ತೆಯಲ್ಲೇ ನಿಂತಳು. "ದೂಮಪ್ಪಣ್ಣ! ಯಾವಾಗ ತಗೊಂಡದ್ದು?"

ದೂಮಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

"ನನ್ನನ್ನು ಕೇಳ್ಬೇಡಿ, ಓನರ್ ಆಚೆ ಬದಿ ಕೂತಿದ್ದಾರೆ" ಎಂದ. "ನಾನು ಬರೇ ಪ್ಯಾಸೆಂಜರ್."

ಹಸಿರು ಬಿತ್ತು. ಸೇವಂತಿ ಗೇರು ಹಾಕಿದಳು.