ಹೊಟ್ಟೆ ಕೆಟ್ಟಿದೆ ಎಂಬ ಮಾತು

೨೦೧೪ನೇ ಇಸವಿ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು, ಮೇಜಿನ ಅಂಚು ಹಿಡಿದು ಬಗ್ಗಿದಳು.

"ಮತ್ತೆ ಹೊಟ್ಟೆ ಕೆಟ್ಟಿದ್ಯೇನೇ?" ಅಮ್ಮ ಅಡುಗೆಮನೆಯಿಂದಲೇ ಕೇಳಿದರು.

ನಮ್ಮ ಮನೆಯಲ್ಲಿ ಮುಟ್ಟಿಗೆ ಇದ್ದ ಹೆಸರೇ ಅದು. ಗಂಡಸರ ಕಿವಿಗೆ ಬೀಳಬಾರದೆಂದು ಅಜ್ಜಿಯ ಕಾಲದಿಂದ ಬಂದ ಗುಟ್ಟಿನ ಮಾತು. ಅರ್ಥ ನನಗೂ ಗೊತ್ತಿತ್ತು. ಗೊತ್ತಿಲ್ಲದವನಂತೆ ಪತ್ರಿಕೆ ಓದುತ್ತಾ ಕೂರುವುದು ನಾನು ಕಲಿತ ಸಭ್ಯತೆ.

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಸೀಸೆಯ ಚೀಟಿಯಲ್ಲಿ ಒಂದಕ್ಷರ ತಪ್ಪಿದ್ದರೂ ಆ ಮಾದರಿಯನ್ನು ವಾಪಸು ಕಳಿಸುತ್ತೇನೆ. ಅಂಥ ನಾನೇ ಎರಡು ವರ್ಷದ ಹಿಂದೆ ವಯಸ್ಸಾದ ಆಯುರ್ವೇದ ವೈದ್ಯರೊಬ್ಬರ ಬಳಿ ಒಬ್ಬನೇ ಹೋಗಿ, 'ಹೆಂಡತಿಗೆ ಪದೇ ಪದೇ ಹೊಟ್ಟೆ ಕೆಡುತ್ತದೆ' ಎಂದು ಬರೆದುಕೊಟ್ಟಿದ್ದೆ. ಆ ವೃದ್ಧರು ನನ್ನ ಬರಹವನ್ನು ನಂಬಿ ಅಜೀರ್ಣಕ್ಕೆ ಚೂರ್ಣ ಕೊಟ್ಟರು. ಅವಳು ಎರಡು ವರ್ಷ ಅದನ್ನೇ ನುಂಗಿದಳು.

"ಇದರಿಂದ ಏನೂ ಕಡಿಮೆ ಆಗ್ತಿಲ್ಲ ರೀ" ಎಂದಾಗ, "ಪಥ್ಯ ಸರಿಯಾಗಿ ಮಾಡು" ಎಂದಿದ್ದೆ.

ಅಮ್ಮನದು ಒಂದೇ ಪಲ್ಲವಿ: "ನಾವೆಲ್ಲ ಹಲ್ಲು ಕಚ್ಚಿ ಬಾಳ್ವೆ ಮಾಡ್ಲಿಲ್ವಾ? ಒಂದು ಮಗು ಆಗ್ಲಿ, ತಾನೇ ಸರಿಹೋಗತ್ತೆ."

ಆ ದಿನ ಅವಳಿಗೆ ನಿಲ್ಲಲೂ ಆಗಲಿಲ್ಲ. ಮೂವರೂ ಅದೇ ವೈದ್ಯರ ಚಿಕಿತ್ಸಾಲಯಕ್ಕೆ ಹೋದೆವು. ವೃದ್ಧರ ಕುರ್ಚಿಯಲ್ಲಿ ಈಗ ಅವರ ಮಗಳು ಕೂತಿದ್ದರು, ಆಕೆಯೂ ವೈದ್ಯೆ. ನಾನು ದಿನಚರಿ ತೆರೆದು ನೋವು ಬಂದ ದಿನಾಂಕಗಳನ್ನು ಓದತೊಡಗಿದೆ. ನಾಲ್ಕನೆಯದಕ್ಕೇ ಆಕೆ ಕೈಯೆತ್ತಿ ತಡೆದರು.

"ಇಪ್ಪತ್ತೆಂಟು ದಿನಕ್ಕೊಂದ್ಸಲ, ಕ್ಯಾಲೆಂಡರ್ ನೋಡ್ಕೊಂಡು ಕೆಡೋ ಹೊಟ್ಟೆ ಯಾವುದು ಸ್ವಾಮಿ?"

ನನ್ನ ಕಿವಿ ಬಿಸಿಯಾಯಿತು. ಅಮ್ಮ ದನಿ ತಗ್ಗಿಸಿ, "ಗಂಡಸಿನ ಮುಂದೆ ಅದೆಲ್ಲ ಯಾಕಮ್ಮ? ಅಜೀರ್ಣ ಅಂತಾನೇ ಬರ್ಕೊಳ್ಳಿ" ಎಂದರು.

"ಅಜೀರ್ಣ ಅಲ್ಲ ಅತ್ತೆ, ಮುಟ್ಟು" ಎಂದಳು ನನ್ನ ಹೆಂಡತಿ. "ಹದಿನಾಲ್ಕನೇ ವಯಸ್ಸಿಂದ ಇದೆ. ಈಗೀಗ ಇವರು ಹತ್ತಿರ ಬಂದ್ರೂ ನೋವು. ಇನ್ಮೇಲೆ ನನ್ನ ನೋವನ್ನ ನಾನೇ ಹೇಳ್ತೀನಿ."

ಅವಳು ದೂರ ಸರಿಯುವುದನ್ನು ನಾನು ಮುನಿಸೆಂದುಕೊಂಡಿದ್ದೆ. ದಿನಚರಿ ಮುಚ್ಚಿದೆ.

"ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದಿರಬಹುದು" ಎಂದರು ವೈದ್ಯೆ. "ತಿಂಗಳು ತಿಂಗಳು ಅಲ್ಲೂ ರಕ್ತ ಒಸರತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ. ಇವತ್ತಿನ ನೋವಿಗೆ ಔಷಧಿ ಕೊಡ್ತೀನಿ. ಆದ್ರೆ ಒಳಗೇನಿದೆ ಅಂತ ತಿಳೀದೆ ಮುಂದಿನ ಚಿಕಿತ್ಸೆ ಶುರು ಮಾಡಲ್ಲ. ಸ್ಕ್ಯಾನ್ ಮಾಡಿಸಿ, ಸ್ತ್ರೀರೋಗ ತಜ್ಞರನ್ನೂ ಕಾಣಿ."

"ಮಗು ಆದ್ರೆ ಹೋಗತ್ತಲ್ವಾ?" ಅಮ್ಮ ಬಿಡಲಿಲ್ಲ.

"ಇದರಿಂದಾನೇ ಮಗು ಆಗದೆ ಇರಬಹುದು, ಅಮ್ಮ."



ಓದುಗರೇ, ಈ ನೋವಿಗೆ ನಿಮ್ಮ ಮನೆಯಲ್ಲೂ ಸುಳ್ಳು ಹೆಸರೊಂದಿದ್ದರೆ ಅದನ್ನು ಇವತ್ತೇ ಬಿಡಿ. ನನ್ನ ಸಭ್ಯತೆ ಎಷ್ಟು ದೊಡ್ಡದಾಗಿ ಬೆಳೆದಿತ್ತೆಂಬುದು ಆ ಸಂಜೆ ತಿಳಿಯಿತು. ಸ್ಕ್ಯಾನ್ ವರದಿಯನ್ನು ಅವಳು ನನ್ನ ಕೈಗೆ ಕೊಡಲಿಲ್ಲ, ತಾನೇ ಗಟ್ಟಿಯಾಗಿ ಓದಿದಳು: ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು, ಅಗಲ ಏಳೂವರೆ ಸೆಂಟಿಮೀಟರ್.