ಬೀರಪ್ಪ ಮಾಸ್ತರ ಪೊಟ್ಟಣ

ನಾನು ನಮ್ಮ ಪಂಚಾಯತಿಯ ಕಸದ ಗಾಡಿ ಓಡಿಸುವವಳು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಬಾಯಿ ಬಡಿದುಕೊಂಡು ಸಾಕಾಗಿದ್ದ ಹೊತ್ತಿಗೆ ಹೆಗಲಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾ ಕೊಟ್ಟರು. ಯಾರು ಹೇಗೆ ಕಸ ಕೊಡುತ್ತಾರೆ ಎಂಬುದೆಲ್ಲ ಮಾತಿನ ಸಮೇತ ಅದರಲ್ಲಿ ದಾಖಲಾಗುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಎರಡು ಕೊಂಬು ಬಂದಿತ್ತು.

ನನ್ನ ಕಣ್ಣೆಲ್ಲ ಮಂಗಲಕ್ಕನ ಮೇಲೆ. ಮೀನಿನ ಮುಳ್ಳು, ಪ್ಲಾಸ್ಟಿಕ್ ಕವರು, ಒಡೆದ ಬಾಟಲಿ ಎಲ್ಲ ಒಂದೇ ಚೀಲಕ್ಕೆ ತುರುಕುತ್ತಿದ್ದಳು. ಕೇಳಿದರೆ, "ನೀ ಮತ್ತೆ ಎಂತಕ್ಕೆ ಇದ್ದದ್ದು? ಆರಿಸ್ಕೊ" ಎಂಬ ಉತ್ತರ. ಒಮ್ಮೆ ಆ ಬಾಟಲಿ ನನ್ನ ಕೈ ಸೀಳಿತ್ತು. ಊರ ಮುಂದೆ ಅವಳ ಮಾನ ತೆಗೆಯದೆ ಬಿಡುವುದಿಲ್ಲ ಎಂದುಕೊಂಡೆ.

ಗ್ರಾಮಸಭೆಯಲ್ಲಿ ವಿಡಿಯೋ ಹಾಕಲೇಬೇಕು ಎಂದು ಹಠ ಹಿಡಿದವಳು ನಾನೇ. "ಸೋಮವಾರದ್ದು ಹಾಕು, ಏಳೂವರೆಯಿಂದ" ಎಂದು ಗುಮಾಸ್ತ ಸಂತೋಷನಿಗೆ ಹೇಳಿದವಳೂ ನಾನೇ. ಏಳೂವರೆಗೆ ನಾನಿನ್ನೂ ಮಂಗಲಕ್ಕನ ಪಕ್ಕದ ಮನೆಯ ಗೇಟಿನಲ್ಲಿದ್ದೆ ಎಂಬುದು ತಲೆಗೇ ಹೊಳೆಯಲಿಲ್ಲ.

ಪರದೆಯ ಮೇಲೆ ಬಂದವರು ಬೀರಪ್ಪ ಮಾಸ್ತರು. ಒಂದನೇ ಇಯತ್ತೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಪೇಪರು ಸುತ್ತಿ ದಾರ ಕಟ್ಟಿದ ಪೊಟ್ಟಣ ಹಿಡಿದು, ಹಿಂದೆ ಮುಂದೆ ನೋಡಿ ಗಾಡಿಯ ಹತ್ತಿರ ಬಂದರು. ಅವರ ಪಿಸುಮಾತು ಸ್ಪೀಕರಿನಲ್ಲಿ ಇಡೀ ಸಭೆಗೆ ಕೇಳಿಸಿತು.

"ನರ್ಮದಾ, ಇದನ್ನ ಬಿಚ್ಚಬೇಡ. ಡೈಪರು. ಸಣ್ಣ ಮಕ್ಕಳದ್ದಲ್ಲ, ನಂದೇ. ಆಪರೇಷನ್ ಆದಮೇಲೆ ತಡೀಲಿಕ್ಕೆ ಆಗ್ತಿಲ್ಲ. ಹೊನ್ನಾವರದಲ್ಲಿ ತಕಂಡ್ರೆ ಗುರ್ತದವ್ರು ನೋಡ್ತಾರೆ ಅಂತ ಕುಮಟೆಗೆ ಹೋಗಿ ತರ್ತೆ. ಸೊಸೆಗೂ ಗೊತ್ತಿಲ್ಲ. ಯಾರ ಹತ್ರನೂ ಹೇಳಬೇಡ, ಹಾಂ?"

"ನಾ ಎಂತಕ್ಕೆ ಹೇಳ್ತೆ ಮಾಸ್ತರೆ?" ಅದು ನನ್ನದೇ ದನಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಂತೋಷ ಗಡಿಬಿಡಿಯಲ್ಲಿ ಬಟನ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡನೇ ಸಾಲಿನಲ್ಲಿ ಕುಳಿತಿದ್ದ ಮಾಸ್ತರು ಎದ್ದರು, ಕೊಡೆ ಮರೆತು ಹೊರಟುಹೋದರು. ಅದನ್ನು ಹಿಡಿದುಕೊಂಡು ಅವರ ಹಿಂದೆ ಓಡಿದವಳು ಮಂಗಲಕ್ಕ. ನನಗೆ ಕುರ್ಚಿಯಿಂದ ಏಳಲೂ ಆಗಲಿಲ್ಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮರುದಿನವೇ ಕ್ಯಾಮೆರಾ ತಿರುಗಿ ಕೊಟ್ಟೆ. ಮಾಸ್ತರು ಪೊಟ್ಟಣ ಕೊಡುವಾಗ ಹೆಗಲ ಮೇಲೆ ಅದು ಇದೆ ಎಂಬುದೇ ಮರೆತುಹೋಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಮರೆತಿದ್ದು ಹೌದು. ಆದರೆ ಮುಂದಿನ ಗೇಟಿನಲ್ಲಿ ಮಂಗಲಕ್ಕ ಕಂಡ ಕೂಡಲೇ ಅದು ಹೇಗೆ ನೆನಪಾಯಿತು?

ನಾಲ್ಕನೇ ದಿನ ಮಾಸ್ತರು ಗೇಟಿಗೆ ಬಂದರು. ಕೈಯಲ್ಲಿದ್ದುದಕ್ಕೆ ಈ ಸಲ ಪೇಪರು ಸುತ್ತಿರಲಿಲ್ಲ. ನನ್ನ ಮುಖ ನೋಡಲಿಲ್ಲ. ಕ್ಯಾಮೆರಾ ಇರುತ್ತಿದ್ದ ನನ್ನ ಹೆಗಲನ್ನೇ ನೋಡುತ್ತ, ಹಾಜರಿ ಕೂಗುವಾಗಿನ ದನಿಯಲ್ಲಿ ಹೇಳಿದರು.

"ಬೀರಪ್ಪ, ರಿಟೈರ್ಡ್ ಮಾಸ್ತರ. ಡೈಪರು ಒಂದು. ಯಾವ ಡಬ್ಬಿಗೆ ಹಾಕುದು, ಹೇಳಿ."

ನನ್ನನ್ನು ಅವರು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಕ್ಯಾಮೆರಾ ಇಲ್ಲ ಮಾಸ್ತರೆ, ತಿರುಗಿ ಕೊಟ್ಟೆ. ನೋಡಿ, ಎಲ್ಲೂ ಇಲ್ಲ." ಅಳುತ್ತಲೇ ಕೋಟಿನ ಕಿಸೆಗಳನ್ನು ಹೊರಗೆಳೆದು ತೋರಿಸಿದೆ.

"ಆತು," ಎಂದರು. ಕಣ್ಣು ಮಾತ್ರ ನನ್ನ ಹೆಗಲು ಬಿಡಲಿಲ್ಲ, ದನಿಯೂ ತಗ್ಗಲಿಲ್ಲ. "ಯಾವ ಡಬ್ಬಿಗೆ ಹಾಕುದು, ಹೇಳಿ."