ಟ್ರೇಲರ್ ಹಡಗಿನ ಮೇಲೆ ಕತ್ತಿವರಸೆ

ಹೊಂಗನೂರಿನಲ್ಲಿ ಸಮುದ್ರ ಕಂಡವರೇ ಕಮ್ಮಿ. ಆದರೂ ಈ ಸಲ ಪೌರಾಣಿಕ ಬೇಡ, ಕಡಲ್ಗಳ್ಳರ ನಾಟಕವೇ ಆಗಬೇಕು ಎಂದು ನಾಟಕದ ಮೇಷ್ಟ್ರು ಸನಾವುಲ್ಲಾ ಹಟ ಹಿಡಿದರು. ಹರೆಯದಲ್ಲಿ ಚನ್ನಪಟ್ಟಣದ ಟಾಕೀಸಿಗೆ ಅಂಥ ಸಿನಿಮಾ ಬಂದರೆ ಒಂದನ್ನೂ ಬಿಟ್ಟವರಲ್ಲ. ಶಾಲೆ ಮೈದಾನದಲ್ಲಿ ಪರದೆ ಕಟ್ಟಿಸಿ ಅಂಥದೊಂದನ್ನು ಊರವರಿಗೂ ತೋರಿಸಿದರು. ಹಗ್ಗ ಹಿಡಿದು ಹಡಗಿಂದ ಹಡಗಿಗೆ ಹಾರುವ, ಕತ್ತಿ ಎದೆಗೆ ಬಂದರೂ ನಗುವ ನಾಯಕನಿಗೆ ಊರಿಗೆ ಊರೇ ಮರುಳಾಯಿತು.

ನಾಯಕನ ಪಾತ್ರ ದಯಾನಂದನಿಗೆ ಬಂತು, ಖಳನದು ಲೋಕೇಶನಿಗೆ. ಇಬ್ಬರ ಹೊಲದ ನಡುವಿನ ಬದುವಿನಲ್ಲಿದ್ದ ಹೊಂಗೆಮರವನ್ನು ದಯಾನಂದ ಹೇಳದೆ ಕೇಳದೆ ಕಡಿಸಿದಾಗಿನಿಂದ ಅವರಿಗೆ ಮಾತಿರಲಿಲ್ಲ. ಪ್ರಾಕ್ಟೀಸಿನಲ್ಲೂ ಆಡಿದ್ದು ಪಾತ್ರದ ಮಾತಷ್ಟೇ.

ನಾಟಕದ ಸಂಜೆ ಅದೇ ಮೈದಾನದಲ್ಲಿ ಎರಡು ಟ್ರ್ಯಾಕ್ಟರ್ ಟ್ರೇಲರು ಎದುರುಬದುರು ನಿಂತು ಹಡಗುಗಳಾದವು. ಬೇವಿನಮರದ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ದಯಾನಂದ ಆಚೆ ಲೋಕೇಶನಿದ್ದ ಹಡಗಿಗೆ ಹಾರಿದಾಗ ಶಿಳ್ಳೆಯೋ ಶಿಳ್ಳೆ.

ಕತ್ತಿವರಸೆ ಶುರುವಾಯಿತು. ಕತ್ತಿ ಮರದ್ದೇ ಆದರೂ ಮೈಗೆ ತಾಗಿಸಕೂಡದೆಂದು ಮೇಷ್ಟ್ರ ಕಟ್ಟಪ್ಪಣೆ. ದಯಾನಂದನ ಭುಜಕ್ಕೆ ಏಟು ನಿಜವಾಗಿಯೇ ಬಿತ್ತು. ಕೈತಪ್ಪೇನೋ ಅಂದುಕೊಂಡ. ಮತ್ತೊಂದು ಮೊಣಕೈಗೆ ಬಿತ್ತು. ಲೋಕೇಶನ ಕಣ್ಣು ನೋಡಿದ. ಕೈತಪ್ಪಿದ್ದಲ್ಲ.

"ಏನ್ಲಾ ಇದು?" ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಗ್ಲಾ. ಈರೋ ಅಲ್ವಾ ನೀನು?" ಅಂದ ಲೋಕೇಶ.

ದಯಾನಂದ ನಗಲು ನೋಡಿದ, ಆಗಲಿಲ್ಲ. ಪರದೆಯ ಮೇಲೆ ಎಷ್ಟು ಸಲೀಸಾಗಿ ಕಂಡಿತ್ತು! ಹಿಂದೆ ಹಿಂದೆ ಸರಿದ. ಹಿಮ್ಮಡಿಗೆ ಟ್ರೇಲರಿನ ಅಂಚು ಸಿಕ್ಕಿತು. ಕೆಳಗೆ ಕಾಂಪೌಂಡ್ ಕೆಲಸಕ್ಕೆ ಸುರಿದ ಜಲ್ಲಿ. ಮುಂದಿನ ಏಟಿಗೆ ಅವನ ಕತ್ತಿ ಹಾರಿ ಲೋಕೇಶನ ಕಾಲ ಬಳಿ ಬಿತ್ತು. ಇದು ನಾಟಕದಲ್ಲಿರಲಿಲ್ಲ. ಲೋಕೇಶ ತನ್ನ ಕತ್ತಿಯನ್ನು ತಲೆಯ ಮಟ್ಟಕ್ಕೆತ್ತಿದ.

ಜನಕ್ಕೆ ಅದೂ ನಾಟಕವೇ. "ಬರಿಗೈಲವ್ನೆ, ಕತ್ತಿ ಎತ್ಕಳ್ಳಿ ಬುಡ್ಲಾ!" ಎಂದು ಕೂಗೆದ್ದಿತು. ಮುಂದಿನ ಸಾಲಿನಲ್ಲಿದ್ದ ಲೋಕೇಶನ ತಾಯಿ ಚಿಕ್ಕಲಕ್ಷ್ಮಮ್ಮ ಎದ್ದೇ ನಿಂತರು.

"ಕತ್ತಿ ಕೊಡ್ಲಾ ಅವ್ನಿಗೆ! ಕಳ್ರಾದ್ರೂ ಆ ಸಿನ್ಮಾದೋರು ಬರಿಗೈಯೋನ್ನ ಹೊಡ್ದಿದ್ದು ನೋಡಿದ್ಯಾ?"

ಲೋಕೇಶನ ಕೈ ಎತ್ತಿದಲ್ಲೇ ನಿಂತಿತು. ಕೊನೆಗೆ ಬಗ್ಗಿ ದಯಾನಂದನ ಕತ್ತಿ ಎತ್ತಿ, ಹಿಡಿಯನ್ನು ಮುಂದೆ ಮಾಡಿ ಚಾಚಿದ.

"ಅಂಚಿಂದ ಈಚ್ಗೆ ಬಾ," ಅಂದ, ದಯಾನಂದನಿಗಷ್ಟೇ ಕೇಳುವಂತೆ. "ಬಿದ್ದೀಯ."

ದಯಾನಂದ ಕತ್ತಿ ಹಿಡಿದು ಈಚೆ ಬಂದ. ಮತ್ತೆ ಕತ್ತಿಗೆ ಕತ್ತಿ ತಾಗಿತು, ಈ ಸಲ ಮೇಷ್ಟ್ರು ಕಲಿಸಿದ ಲೆಕ್ಕದಲ್ಲೇ. ಖಳ ಸೋತು ಬೀಳಬೇಕಿತ್ತು, ಲೋಕೇಶ ಬಿದ್ದ. ಜನ ಕುಣಿದರು.

ಬಣ್ಣ ಒರೆಸಿಕೊಳ್ಳುವ ಹೊತ್ತಿಗೆ ದಯಾನಂದನ ಮೊಣಕೈ ಊದಿತ್ತು. ಲೋಕೇಶ ತಣ್ಣೀರಲ್ಲಿ ಅದ್ದಿದ ಟವಲು ತಂದು ಸುತ್ತಿದ.

"ನೋಯ್ತದಾ?"

"ಒಸಿ," ಅಂದ ದಯಾನಂದ. ಕೈ ಎಳೆದುಕೊಳ್ಳಲಿಲ್ಲ.